ಅರ್ಥಶಾಸ್ತ್ರ ಓದಿದ ಪರಿಜೊ ಬೇರೆ ದೇಶ ಕೇಳಿದ್ದು ಯಾಕೆ?

ಪ್ರಶ್ನೆ: ನಾವು ಮಾಂಟ್ರಿಯಲ್‌ಗೆ ಬಂದು ಕೆಲವು ವರ್ಷಗಳಾದವು. ಇಲ್ಲಿ ಒಂದು ದೊಡ್ಡ ಕಟ್ಟಡಕ್ಕೆ ಜಾಕ್ ಪರಿಜೊ ಅನ್ನುವವರ ಹೆಸರಿಟ್ಟಿದ್ದಾರೆ. ಆಫೀಸಿನಲ್ಲಿ ಕೇಳಿದರೆ ಒಬ್ಬರು "ಈಗಿನ ಕ್ವಿಬೆಕ್ ಕಟ್ಟಿದವರೇ ಅವರು" ಅಂದರು. ಇನ್ನೊಬ್ಬರು "ಸೋತಾಗ ನಮ್ಮಂಥ ವಲಸಿಗರ ಮೇಲೆ ತಪ್ಪು ಹೊರಿಸಿದವರು" ಅಂದರು. ಲಂಡನ್‌ನಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಮಾಡಿದವರಂತೆ. ಅಂಥವರು ಕ್ವಿಬೆಕ್ ಪ್ರಾಂತ್ಯ ಕೆನಡಾದಿಂದ ಬೇರೆಯಾಗಬೇಕು ಅಂತ ಯಾಕೆ ಹೊರಟರು? ಮಾರುಕಟ್ಟೆ ದೊಡ್ಡದಿದ್ದಷ್ಟೂ ಒಳ್ಳೇದು ಅಂತ ಅಲ್ವಾ ಆ ಶಾಸ್ತ್ರ ಹೇಳೋದು? ನಾವು ಅವರನ್ನು ಹೇಗೆ ನೋಡಬೇಕು?

ಉತ್ತರ: ನಿಮ್ಮ ಆಫೀಸಿನ ಇಬ್ಬರು ಹೇಳಿದ್ದೂ ನಿಜ. ಒಂದು ಮಾತು ಇನ್ನೊಂದನ್ನು ಅಳಿಸುವುದಿಲ್ಲ. ಆದರೆ ನೀವು ಕೇಳಿದ "ಯಾಕೆ" ಅನ್ನುವ ಪ್ರಶ್ನೆಯೇ ನನಗೆ ಜಾಸ್ತಿ ಇಷ್ಟವಾಯಿತು. ಪರಿಜೊ ಅವರನ್ನು ಆ ದಾರಿಗೆ ತಂದದ್ದು ಕವಿತೆಯೂ ಅಲ್ಲ, ಬಾವುಟವೂ ಅಲ್ಲ. ಸಾಲ ಎಲ್ಲಿ ಹುಟ್ಟುತ್ತದೆ, ತೆರಿಗೆ ಯಾರು ಹಾಕುತ್ತಾರೆ, ಜನರ ಉಳಿತಾಯ ಯಾರ ಕೈಯಲ್ಲಿರುತ್ತದೆ ಅನ್ನುವ ಪ್ರಶ್ನೆಗಳು. ಆ ದಾರಿಯಲ್ಲೇ ಹೋದರೆ ಈ ಮನುಷ್ಯ ಅರ್ಥವಾಗುತ್ತಾರೆ.

ಅವರು ಹುಟ್ಟಿದ್ದು 1930ರಲ್ಲಿ, ಮಾಂಟ್ರಿಯಲ್‌ನಲ್ಲಿ. ಅನುಕೂಲಸ್ಥರ ಮನೆ. ತಂದೆಯದು ವಿಮೆ ವ್ಯವಹಾರ. ಮಾಂಟ್ರಿಯಲ್‌ನ ಎಚ್‌ಇಸಿ ಅನ್ನುವ ವಾಣಿಜ್ಯ ಕಾಲೇಜಿನಲ್ಲಿ ಓದಿ, ಪ್ಯಾರಿಸ್‌ಗೆ ಹೋಗಿ, ಅಲ್ಲಿಂದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಅಲ್ಲಿ ಅವರ ಗುರು ಜೇಮ್ಸ್ ಮೀಡ್. ಮುಂದೆ 1977ರಲ್ಲಿ ನೊಬೆಲ್ ಪಡೆದವರು. 1955ರಲ್ಲಿ ಡಾಕ್ಟರೇಟ್ ಮುಗಿಸಿ ಊರಿಗೆ ಬಂದ ಪರಿಜೊ ಎಚ್‌ಇಸಿಯಲ್ಲೇ ಮೇಷ್ಟ್ರಾದರು. ತ್ರೀ-ಪೀಸ್ ಸೂಟು, ದಪ್ಪ ಮೀಸೆ, ಇಂಗ್ಲಿಷರನ್ನೂ ಮೀರಿಸುವ ಇಂಗ್ಲಿಷ್. ಹೊರನೋಟಕ್ಕೆ ಇವರು ಪ್ರತ್ಯೇಕತೆಯ ಹೋರಾಟಗಾರ ಅಂತ ಯಾರೂ ಹೇಳುವಂತಿರಲಿಲ್ಲ. ಆಗ ಇವರು ಹೋರಾಟಗಾರರಾಗಿರಲೂ ಇಲ್ಲ.

ಆ ಕಾಲದ ಕ್ವಿಬೆಕ್ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು. ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ಜನಸಂಖ್ಯೆಯಲ್ಲಿ ಹತ್ತಕ್ಕೆ ಎಂಟು ಮಂದಿ ಫ್ರೆಂಚ್ ಮಾತಾಡುವವರು. ಆದರೆ ಬ್ಯಾಂಕು, ಕಾರ್ಖಾನೆ, ವಿದ್ಯುತ್ ಕಂಪನಿ ಹೆಚ್ಚಾಗಿ ಇಂಗ್ಲಿಷ್ ಮಾತಾಡುವವರ ಕೈಯಲ್ಲಿ. ಕೆನಡಾ ಸರ್ಕಾರವೇ ನೇಮಿಸಿದ ದ್ವಿಭಾಷಾ ಆಯೋಗ 1961ರ ಅಂಕಿಗಳನ್ನು ತೆಗೆದು ನೋಡಿತು. ಕ್ವಿಬೆಕ್‌ನ ಗಂಡಸರ ದುಡಿಮೆಯ ಆದಾಯವನ್ನು ಮೂಲದ ಪ್ರಕಾರ 14 ಗುಂಪು ಮಾಡಿದರೆ ಫ್ರೆಂಚ್ ಮೂಲದವರಿಗೆ ಸಿಕ್ಕಿದ್ದು 12ನೇ ಸ್ಥಾನ. ತಮ್ಮದೇ ನೆಲದಲ್ಲಿ, ತಾವೇ ಬಹುಸಂಖ್ಯಾತರಾಗಿ, ಕೊನೆಯಿಂದ ಮೂರನೆಯವರು!

1960ರಲ್ಲಿ ಲಿಬರಲ್ ಪಕ್ಷದ ಝಾಂ ಲೆಸಾಜ್ ಪ್ರಾಂತ್ಯದ ಪ್ರಧಾನಿಯಾದರು. (ಅಲ್ಲಿ ಪ್ರಾಂತ್ಯದ ಮುಖ್ಯಸ್ಥರನ್ನು ಪ್ರೀಮಿಯರ್ ಅನ್ನುತ್ತಾರೆ, ನಮ್ಮ ಮುಖ್ಯಮಂತ್ರಿ ಇದ್ದಂತೆ.) ಖಾಸಗಿ ವಿದ್ಯುತ್ ಕಂಪನಿಗಳನ್ನು ಸರ್ಕಾರವೇ ಕೊಳ್ಳಬೇಕು ಅಂತ ಅವರ ಸಂಪುಟದ ರೆನೆ ಲೆವೆಕ್ ಹಠ ಹಿಡಿದರು. 1962ರ ಚುನಾವಣೆ ನಡೆದದ್ದೇ ಅದರ ಮೇಲೆ. "ನಮ್ಮ ಮನೆಗೆ ನಾವೇ ಯಜಮಾನರು" ಅನ್ನುವುದು ಘೋಷಣೆ. ಲಿಬರಲ್ ಪಕ್ಷ ಗೆದ್ದಿತು. 1963ರಲ್ಲಿ 11 ಕಂಪನಿಗಳು ಸರ್ಕಾರದ ವಿದ್ಯುತ್ ಸಂಸ್ಥೆ ಹೈಡ್ರೋ-ಕ್ವಿಬೆಕ್‌ಗೆ ಸೇರಿದವು. ಖರ್ಚು ಸುಮಾರು 60 ಕೋಟಿ ಡಾಲರ್.

ಈ 60 ಕೋಟಿ ಎಲ್ಲಿಂದ ಬರಬೇಕು? ಮೂವತ್ತರ ಹರೆಯದ ಸಲಹೆಗಾರ ಪರಿಜೊ ಇಲ್ಲೇ ಪಾಠ ಕಲಿತರು. ಕ್ವಿಬೆಕ್ ಸರ್ಕಾರಕ್ಕೆ ಸಾಲ ಬೇಕಾದರೆ ಅದರ ಬಾಂಡುಗಳನ್ನು ಮಾರಿಕೊಡಲು ಬ್ಯಾಂಕು ಮತ್ತು ದಲ್ಲಾಳಿ ಸಂಸ್ಥೆಗಳ ಒಂದು ಕೂಟ ಇತ್ತು. ಮಾಂಟ್ರಿಯಲ್‌ನ ಸೇಂಟ್ ಜೇಮ್ಸ್ ಬೀದಿಯ ದೊಡ್ಡ ಮನುಷ್ಯರು. ಆ ಕೂಟಕ್ಕೆ ರಾಷ್ಟ್ರೀಕರಣ ಹಿಡಿಸಿರಲಿಲ್ಲ. ಜನ ವೋಟು ಹಾಕಿ ತೀರ್ಮಾನ ಮಾಡಿದ ಮೇಲೂ ಹಣದ ಕೀಲಿ ಇದ್ದವರು ಒಲ್ಲೆ ಅಂದರೆ ಏನು ಮಾಡೋದು? ಕ್ವಿಬೆಕ್ ನೇರವಾಗಿ ನ್ಯೂಯಾರ್ಕ್‌ಗೆ ಹೋಯಿತು. 30 ಕೋಟಿ ಡಾಲರ್ ಅಲ್ಲಿ ಸಿಕ್ಕಿತು.

ನಮ್ಮ ರಾಜ್ಯ ಸರ್ಕಾರಗಳಿಗೆ ಈ ದಾರಿಯೇ ಇಲ್ಲ ಅನ್ನುವುದನ್ನು ಗಮನಿಸಿ. ಸಂವಿಧಾನದ 293ನೇ ವಿಧಿಯ ಪ್ರಕಾರ ರಾಜ್ಯಗಳು ದೇಶದ ಒಳಗೆ ಮಾತ್ರ ಸಾಲ ಎತ್ತಬಹುದು. ಕೇಂದ್ರದ ಸಾಲ ಬಾಕಿ ಇದ್ದರೆ ಅದಕ್ಕೂ ಕೇಂದ್ರದ ಒಪ್ಪಿಗೆ ಬೇಕು. ಕೆನಡಾದ ಪ್ರಾಂತ್ಯಗಳಿಗೆ ಆ ಕಟ್ಟು ಇಲ್ಲ. ನೀವು ಪ್ರತಿ ವರ್ಷ ಎರಡು ಆದಾಯ ತೆರಿಗೆ ರಿಟರ್ನ್ ತುಂಬುತ್ತೀರಲ್ಲ, ಒಂದು ಒಟ್ಟಾವಾಕ್ಕೆ (ಅಂದರೆ ಕೇಂದ್ರ ಸರ್ಕಾರಕ್ಕೆ), ಇನ್ನೊಂದು ಕ್ವಿಬೆಕ್‌ಗೆ? ಅದೂ ಇದರದೇ ಇನ್ನೊಂದು ಮುಖ. 1954ರಿಂದಲೇ ಕ್ವಿಬೆಕ್ ತನ್ನ ಆದಾಯ ತೆರಿಗೆಯನ್ನು ತಾನೇ ಹಾಕುತ್ತಿದೆ. ಹಾಗಾಗಿ ಅಲ್ಲಿನ ಪ್ರಾಂತೀಯ ರಾಜಕಾರಣಿಗೆ ಇರುವ ಹಣಕಾಸಿನ ಆಟದ ಬಯಲು ನಮ್ಮವರಿಗೆ ಇರುವುದಕ್ಕಿಂತ ಬಹಳ ದೊಡ್ಡದು.

ಆದರೂ ಪ್ರತಿ ಸಲ ನ್ಯೂಯಾರ್ಕ್‌ಗೆ ಓಡುವುದು ಆಗದ ಮಾತು. ಮನೆಯೊಳಗೇ ಒಂದು ದೊಡ್ಡ ಹಣದ ಮೂಲ ಬೇಕಿತ್ತು. ಅದು ಸಿಕ್ಕಿದ್ದು ಪಿಂಚಣಿಯಿಂದ. ಅರವತ್ತರ ದಶಕದ ಮಧ್ಯದಲ್ಲಿ ಕೆನಡಾ ಎಲ್ಲ ದುಡಿಯುವವರಿಗೂ ಪಿಂಚಣಿ ಯೋಜನೆ ತಂದಾಗ ಕ್ವಿಬೆಕ್ "ನಮ್ಮದು ನಾವೇ ನಡೆಸುತ್ತೇವೆ" ಅಂದಿತು. ದುಡಿಯುವವರ ಸಂಬಳದಿಂದ ಕಡಿದ ಹಣ ಸುಮ್ನೆ ಖಜಾನೆಗೆ ಹೋಗಲಿಲ್ಲ. ಅದನ್ನು ಹೂಡಲು 1965ರಲ್ಲಿ ಒಂದು ಸಂಸ್ಥೆ ಮಾಡಿದರು. ಹೆಸರು ಕೆಸ್ ದ ದೆಪೊ. ಅದನ್ನು ರೂಪಿಸಿದವರಲ್ಲಿ ಪರಿಜೊ ಪ್ರಮುಖರು. ಪಿಂಚಣಿದಾರರಿಗೆ ಒಳ್ಳೆಯ ಗಳಿಕೆ ತಂದುಕೊಡಬೇಕು, ಜೊತೆಗೆ ಕ್ವಿಬೆಕ್‌ನ ಆರ್ಥಿಕತೆಯನ್ನೂ ಬೆಳೆಸಬೇಕು: ಈ ಎರಡು ಕೆಲಸ ಅದಕ್ಕೆ. 2024ರ ಕೊನೆಗೆ ಅದರ ಕೈಯಲ್ಲಿದ್ದ ಆಸ್ತಿ ಸುಮಾರು 47,000 ಕೋಟಿ ಕೆನಡಾ ಡಾಲರ್. ನೀವು ನೋಡಿದ ಕಟ್ಟಡ ಇದೇ ಸಂಸ್ಥೆಯದು. ನಿಮ್ಮ ಸಂಬಳದಿಂದ ಪ್ರತಿ ತಿಂಗಳು ಕ್ವಿಬೆಕ್ ಪಿಂಚಣಿಗೆ ಹೋಗುವ ಹಣವೂ ಅಲ್ಲಿಗೇ ಸೇರುತ್ತದೆ.

ನನ್ನ ಮಟ್ಟಿಗೆ ಪರಿಜೊ ಅವರ ಅತಿ ದೊಡ್ಡ ಕೆಲಸ ಇದು. ಅವರು ಪ್ರೀಮಿಯರ್ ಆಗಿದ್ದ ದಿನಗಳಿಗಿಂತ ದೊಡ್ಡದು. ಆಗ ಅವರು ಯಾವ ಪಕ್ಷದ ನಾಯಕರೂ ಆಗಿರಲಿಲ್ಲ, ಕೆನಡಾ ಬಿಡುವ ಯೋಚನೆಯೂ ಇರಲಿಲ್ಲ.

ಹಾಗಾದರೆ ಮನಸ್ಸು ಬದಲಾದದ್ದು ಯಾವಾಗ? ಅವರೇ ಹೇಳಿಕೊಂಡ ಕಥೆ ಇದು. 1967ರ ಅಕ್ಟೋಬರ್‌ನಲ್ಲಿ ಪಶ್ಚಿಮ ಕೆನಡಾದ ಬ್ಯಾನ್ಫ್‌ ಅನ್ನುವ ಊರಿನಲ್ಲಿ ಒಂದು ಭಾಷಣ ಮಾಡಬೇಕಿತ್ತು. ಕೇಂದ್ರ ಮತ್ತು ಪ್ರಾಂತ್ಯಗಳ ಸಂಬಂಧ ವಿಷಯ. ಮಾಂಟ್ರಿಯಲ್‌ನಲ್ಲಿ ರೈಲು ಹತ್ತಿ, ದಾರಿಯುದ್ದಕ್ಕೂ ಬರೆಯುತ್ತಾ ಹೋದರು. ಹತ್ತುವಾಗ ಒಕ್ಕೂಟದ ಪರ, ಇಳಿಯುವಾಗ ಪ್ರತ್ಯೇಕತೆಯ ಪರ.

ಆ ರೈಲಿನಲ್ಲಿ ಅವರು ಹಾಕಿದ ತರ್ಕ ವಿಚಿತ್ರವಾಗಿದೆ. ಪ್ರಾಂತ್ಯಕ್ಕೆ ಇನ್ನೂ ಹೆಚ್ಚು ಅಧಿಕಾರ ಬೇಕು ಅಂತ ಅವರು ಶುರು ಮಾಡಲಿಲ್ಲ. ಅವರು ಮೂಲದಲ್ಲಿ ಗಟ್ಟಿ ಸರ್ಕಾರ ಬೇಕು ಅನ್ನುವವರು. ಕಳೆದ ಕೆಲವು ವರ್ಷಗಳಲ್ಲಿ ಒಟ್ಟಾವಾ ಬಹಳಷ್ಟು ಹಣ ಮತ್ತು ಅಧಿಕಾರವನ್ನು ಪ್ರಾಂತ್ಯಗಳಿಗೆ ಬಿಟ್ಟುಕೊಟ್ಟಿತ್ತು. ಹೀಗೇ ಹೋದರೆ ಬೆಲೆ ಏರಿಕೆ, ನಿರುದ್ಯೋಗ, ಬಂಡವಾಳ ಯಾವುದನ್ನೂ ಹಿಡಿದು ನಿಲ್ಲಿಸುವ ಸರ್ಕಾರ ಎಲ್ಲೂ ಉಳಿಯುವುದಿಲ್ಲ ಅಂತ ಅವರಿಗೆ ಅನ್ನಿಸಿತು. ಒಂದು ಮನೆಯ ಖರ್ಚಿಗೆ ಇಬ್ಬರು ಯಜಮಾನರಿದ್ದು ಇಬ್ಬರ ಕೈಲೂ ಅರ್ಧರ್ಧ ಕೀಲಿ ಇದ್ದ ಹಾಗೆ. ನಿಜವಾದ ಸರ್ಕಾರ ಎಲ್ಲೋ ಒಂದು ಕಡೆ ಇರಲೇಬೇಕು. ಕ್ವಿಬೆಕ್ ಜನ ಅದನ್ನು ಒಟ್ಟಾವಾಕ್ಕೆ ಬಿಟ್ಟುಕೊಡುವುದಿಲ್ಲ. ಹಾಗಿದ್ದರೆ ಪೂರ್ತಿ ಕ್ವಿಬೆಕ್‌ಗೇ ಬರಲಿ. ತರ್ಕ ಇಷ್ಟೇ.

ಈ ತರ್ಕ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಅಧಿಕಾರ ಹಂಚಿಹೋಗಿದ್ದರೂ ಮಾತುಕತೆಯಿಂದ ನಡೆಯುವ ದೇಶಗಳು ಜಗತ್ತಿನಲ್ಲಿ ಬೇಕಾದಷ್ಟಿವೆ, ಸ್ವಿಟ್ಜರ್ಲೆಂಡ್ ಹಾಗೇ ನಡೆಯುತ್ತಿದೆ. ಆದರೆ ಪ್ರಾಮಾಣಿಕವಾದ ತರ್ಕ ಅನ್ನುವುದರಲ್ಲಿ ಅನುಮಾನ ಇಲ್ಲ. ಮುಂದಿನ ನಲವತ್ತೆಂಟು ವರ್ಷ ಅವರು ಅದನ್ನು ಬಿಡಲಿಲ್ಲ.

ದೊಡ್ಡ ಮಾರುಕಟ್ಟೆಯ ಬಗ್ಗೆ ಕೇಳಿದಿರಲ್ಲ, ಅದಕ್ಕೂ ಅವರಲ್ಲಿ ಉತ್ತರ ಇತ್ತು. ಸಣ್ಣ ದೇಶಕ್ಕೆ ದೊಡ್ಡ ಮಾರುಕಟ್ಟೆ ಬೇಕು, ಸರಿ. ಆದರೆ ಮಾರುಕಟ್ಟೆ ಮತ್ತು ದೇಶ ಒಂದೇ ಗಡಿಯೊಳಗೆ ಇರಬೇಕು ಅಂತೇನಿಲ್ಲ. ವ್ಯಾಪಾರ ಒಪ್ಪಂದ ಇದ್ದರೆ ಸಾಕು. 1988ರಲ್ಲಿ ಅಮೆರಿಕದ ಜೊತೆ ಮುಕ್ತ ವ್ಯಾಪಾರ ಬೇಕೋ ಬೇಡವೋ ಅಂತ ಕೆನಡಾದಲ್ಲಿ ದೊಡ್ಡ ಜಗಳವೇ ನಡೆಯಿತು. ಆಗ ಪರಿಜೊ ಬೇಕು ಅಂದರು. ಎಡಕ್ಕೆ ವಾಲಿದ ಪಕ್ಷದ ನಾಯಕ ಹಾಗೆ ಅಂದದ್ದು ಹಲವರಿಗೆ ಆಶ್ಚರ್ಯ. ಅಮೆರಿಕದ ಬಾಗಿಲು ತೆರೆದರೆ ಪಕ್ಕದ ಪ್ರಾಂತ್ಯ ಒಂಟಾರಿಯೊದ ಗಿರಾಕಿಗಳ ಮೇಲಿನ ಅವಲಂಬನೆ ಕಡಿಮೆಯಾಗುತ್ತದೆ, "ಬೇರೆಯಾದರೆ ನಿಮ್ಮ ಸಾಮಾನು ಯಾರು ಕೊಳ್ಳುತ್ತಾರೆ" ಅನ್ನುವ ಹೆದರಿಕೆಗೆ ಬಲ ಇರುವುದಿಲ್ಲ ಅನ್ನುವುದು ಅವರ ಲೆಕ್ಕ. ಆ ಭಾಗ ಬಹುಮಟ್ಟಿಗೆ ಸರಿಯಾದ ಲೆಕ್ಕವೇ.

ಇತ್ತ ರೆನೆ ಲೆವೆಕ್ ಲಿಬರಲ್ ಪಕ್ಷ ಬಿಟ್ಟು 1968ರಲ್ಲಿ ಪ್ರತ್ಯೇಕತೆಯ ಪರವಾದ ಪಾರ್ಟಿ ಕ್ವಿಬೆಕ್ವಾ ಕಟ್ಟಿದರು. ಮರುವರ್ಷ ಪರಿಜೊ ಸೇರಿದರು. 1970ರ ಚುನಾವಣೆಗೆ ಮೂರು ದಿನ ಇರುವಾಗ ಒಂದು ಟ್ರಸ್ಟ್ ಕಂಪನಿ ಷೇರು-ಬಾಂಡು ಪತ್ರಗಳನ್ನು ಬ್ರಿಂಕ್ಸ್‌ನ ಕವಚದ ಲಾರಿಗಳಲ್ಲಿ ತುಂಬಿ ಒಂಟಾರಿಯೊಕ್ಕೆ ಸಾಗಿಸಿತು. ಪತ್ರಿಕೆಗಳಲ್ಲಿ ಫೋಟೊ ಬಂತು. ಈ ಪಕ್ಷ ಗೆದ್ದರೆ ಹಣ ಓಡಿಹೋಗುತ್ತದೆ ಅನ್ನುವ ಸೂಚನೆ ಅದರಲ್ಲಿತ್ತು. ಪಕ್ಷಕ್ಕೆ ನೂರಕ್ಕೆ 23ರಷ್ಟು ಮತ ಬಂದರೂ ಸಿಕ್ಕಿದ್ದು ಏಳೇ ಸೀಟು. ಪರಿಜೊ ತಾವೂ ಸೋತರು. 1973ರಲ್ಲಿ ಅವರು ಮೇಷ್ಟ್ರ ಥರ ಒಂದು ಕೆಲಸ ಮಾಡಿದರು: ಸ್ವತಂತ್ರ ಕ್ವಿಬೆಕ್‌ನ ಮೊದಲ ವರ್ಷದ ಬಜೆಟ್ ಅಂತ ಒಂದನ್ನು ಅಂಕಿ-ಅಂಶ ಸಮೇತ ತಯಾರಿಸಿ ಜನರ ಮುಂದಿಟ್ಟರು. ಎದುರಾಳಿಗಳು ಅದರ ಒಂದೊಂದು ಸಾಲನ್ನೂ ಹಿಡಿದು ಎಳೆದರು. ಮತ್ತೆ ಸೋಲು. 110 ಸೀಟಿನಲ್ಲಿ ಲಿಬರಲ್‌ಗೆ 102, ಇವರ ಪಕ್ಷಕ್ಕೆ 6.

1976ರಲ್ಲಿ ಗಾಳಿ ತಿರುಗಿತು. 71 ಸೀಟು, ಲೆವೆಕ್ ಪ್ರೀಮಿಯರ್, ಪರಿಜೊ ಹಣಕಾಸು ಮಂತ್ರಿ. ಎಂಟು ವರ್ಷ ಆ ಕುರ್ಚಿಯಲ್ಲಿದ್ದರು. ಹಣಕಾಸಿನ ಪಾಠ ಮಾಡುವವರು ಈಗಲೂ ಎತ್ತಿ ತೋರಿಸುವಂಥ ಒಂದು ಪ್ರಸಂಗ ಆಗಿನದು.

1978ರಲ್ಲಿ ಕೆನಡಾದ ಆರ್ಥಿಕತೆ ಮಂದವಾಗಿತ್ತು. ಕೇಂದ್ರದ ಹಣಕಾಸು ಮಂತ್ರಿ ಝಾಂ ಕ್ರೆಟ್ಯೆನ್ ಒಂದು ಯೋಜನೆ ತಂದರು. ಪ್ರಾಂತ್ಯಗಳು ತಮ್ಮ ಮಾರಾಟ ತೆರಿಗೆಯನ್ನು ಎಲ್ಲ ಸಾಮಾನಿನ ಮೇಲೂ ಕೆಲವು ತಿಂಗಳು ಇಳಿಸಲಿ, ನಷ್ಟದ ದೊಡ್ಡ ಭಾಗ ಕೇಂದ್ರ ಕೊಡುತ್ತದೆ. ನೋಡಲು ಎಲ್ಲರಿಗೂ ಸಮಾನ. ಪರಿಜೊ ಅದರ ಒಳಗೆ ನೋಡಿದರು. ಎಲ್ಲದರ ಮೇಲೂ ತೆರಿಗೆ ಇಳಿದರೆ ಜನ ಮೊದಲು ಕೊಳ್ಳುವುದು ಕಾರು, ದೊಡ್ಡ ದೊಡ್ಡ ಸಾಮಾನು. ಕಾರು ತಯಾರಾಗುವುದು ಹೆಚ್ಚಾಗಿ ಒಂಟಾರಿಯೊದಲ್ಲಿ. ಕ್ವಿಬೆಕ್‌ನ ಕಾರ್ಮಿಕರು ಇದ್ದದ್ದು ಬಟ್ಟೆ, ಚಪ್ಪಲಿ-ಬೂಟು, ಪೀಠೋಪಕರಣದ ಕಾರ್ಖಾನೆಗಳಲ್ಲಿ. ಹಾಗಾಗಿ ಅವರು ಬೇರೆಲ್ಲ ಸಾಮಾನಿನ ತೆರಿಗೆಯನ್ನು ಇದ್ದ ಹಾಗೇ ಬಿಟ್ಟು, ಈ ಕೆಲವು ಸಾಮಾನುಗಳ ಮೇಲಿನ ತೆರಿಗೆಯನ್ನು ಪೂರ್ತಿ ತೆಗೆದುಹಾಕಿದರು. ಬಿಲ್ಲನ್ನು ಒಟ್ಟಾವಾಕ್ಕೆ ಕಳಿಸಿದರು. ಒಟ್ಟಾವಾ ಒಪ್ಪಲಿಲ್ಲ. ಜಗಳ ತಿಂಗಳುಗಟ್ಟಲೆ ನಡೆಯಿತು. ಕೊನೆಗೆ ಕೇಂದ್ರ ಸರ್ಕಾರ ಪ್ರಾಂತ್ಯವನ್ನು ಬದಿಗಿಟ್ಟು ಕ್ವಿಬೆಕ್‌ನ ಆದಾಯ ತೆರಿಗೆದಾರರಿಗೆ ನೇರವಾಗಿ 85 ಡಾಲರ್ ತನಕ ಚೆಕ್ ಕಳಿಸಿತು. ಒಂದೇ ತೆರಿಗೆ ಇಳಿಕೆ ಎರಡು ಪ್ರಾಂತ್ಯಗಳಲ್ಲಿ ಎರಡು ಥರ ಕೆಲಸ ಮಾಡುತ್ತದೆ ಅನ್ನುವುದನ್ನು ಇಷ್ಟು ಚೆನ್ನಾಗಿ ತೋರಿಸಿದ ಉದಾಹರಣೆ ಇನ್ನೊಂದಿಲ್ಲ.

1979ರಲ್ಲಿ ಷೇರು ಉಳಿತಾಯ ಯೋಜನೆ ತಂದರು. ಕ್ವಿಬೆಕ್ ಕಂಪನಿಗಳ ಹೊಸ ಷೇರು ಕೊಂಡರೆ ಆದಾಯ ತೆರಿಗೆಯಲ್ಲಿ ರಿಯಾಯಿತಿ. ಅಲ್ಲಿಯವರೆಗೆ ಬ್ಯಾಂಕಿನಲ್ಲಿ ಹಣ ಇಟ್ಟು ಸುಮ್ಮನಿದ್ದ ಮಧ್ಯಮ ವರ್ಗ ಷೇರು ಪೇಟೆಗೆ ಬಂತು. ಬೊಂಬಾರ್ಡಿಯೆ, ಕಾಸ್ಕಾಡ್ ಥರದ ಕಂಪನಿಗಳಿಗೆ ಬಂಡವಾಳ ಸಿಕ್ಕಿತು. 1983ರಲ್ಲಿ ಕಾರ್ಮಿಕ ಸಂಘಟನೆಯೊಂದು ಕಾರ್ಮಿಕರ ಉಳಿತಾಯದಿಂದಲೇ ಹೂಡಿಕೆ ನಿಧಿ ಮಾಡಲು ಹೊರಟಾಗ ಅದಕ್ಕೂ ಬೆನ್ನೆಲುಬಾದರು. ಎಲ್ಲದರಲ್ಲೂ ಒಂದೇ ಎಳೆ ಕಾಣುತ್ತದೆ ಅಲ್ವಾ? ನಮ್ಮ ಜನರ ಉಳಿತಾಯ ನಮ್ಮ ಜನರ ಕೆಲಸಕ್ಕೆ.

ಎಲ್ಲವೂ ಚೆನ್ನಾಗಿತ್ತು ಅಂತ ಹೇಳುವ ಹಾಗಿಲ್ಲ. ಪ್ರತ್ಯೇಕತೆಯ ಬಗ್ಗೆ 1980ರಲ್ಲಿ ನಡೆದ ಮೊದಲ ಜನಮತಗಣನೆಗೆ ಮುಂಚೆ ಸರ್ಕಾರಿ ನೌಕರರಿಗೆ ಧಾರಾಳವಾಗಿ ಸಂಬಳ ಏರಿಸಿದರು. ಜನಮತಗಣನೆಯಲ್ಲಿ ನೂರಕ್ಕೆ 60ರಷ್ಟು ಜನ ಬೇಡ ಅಂದರು. ಅದರ ಬೆನ್ನಿಗೇ ಆರ್ಥಿಕ ಕುಸಿತ ಬಂತು. 1983ರ ಮೊದಲ ಮೂರು ತಿಂಗಳು ಅದೇ ನೌಕರರ ಸಂಬಳವನ್ನು ನೂರಕ್ಕೆ 20ರ ತನಕ ಕಡಿಯಬೇಕಾಯಿತು. ಪಕ್ಷ ತನ್ನ ಗಟ್ಟಿ ಬೆಂಬಲಿಗರಾದ ಮೇಷ್ಟ್ರುಗಳನ್ನೇ ಕಳೆದುಕೊಂಡಿತು. ಕುಸಿತಕ್ಕೆ ಪರಿಜೊ ಕಾರಣರಲ್ಲ. ಆದರೆ ಒಳ್ಳೆಯ ಕಾಲದಲ್ಲಿ ಕೊಟ್ಟ ಮಾತಿನ ಭಾರ ಕೆಟ್ಟ ಕಾಲದಲ್ಲಿ ಎಷ್ಟಾಗುತ್ತದೆ ಅಂತ ಹಣಕಾಸು ಮಂತ್ರಿಗೆ ಗೊತ್ತಿರಬೇಕಿತ್ತು.

1984ರಲ್ಲಿ ಲೆವೆಕ್ ಪ್ರತ್ಯೇಕತೆಯನ್ನು ಬದಿಗಿಟ್ಟು ಒಟ್ಟಾವಾ ಜೊತೆ ಇನ್ನೊಮ್ಮೆ ಪ್ರಯತ್ನ ಮಾಡೋಣ ಅಂದಾಗ ಪರಿಜೊ ರಾಜೀನಾಮೆ ಕೊಟ್ಟರು. ಮತ್ತೆ ಪಾಠ ಮಾಡಲು ಹೋದರು. 1988ರಲ್ಲಿ ಅವಿರೋಧವಾಗಿ ಪಕ್ಷದ ಅಧ್ಯಕ್ಷರಾದರು. 1989ರಲ್ಲಿ ಸೋತರು. 1994ರ ಸೆಪ್ಟೆಂಬರ್‌ನಲ್ಲಿ ಗೆದ್ದರು. ಮತಗಳ ಲೆಕ್ಕದಲ್ಲಿ ಲಿಬರಲ್‌ಗಿಂತ ಅರ್ಧ ಪರ್ಸೆಂಟೂ ಮುಂದಿರಲಿಲ್ಲ, ಆದರೆ ಸೀಟು 77. ಪ್ರೀಮಿಯರ್ ಆದ ಮೇಲೆ ಒಂದೇ ಗುರಿ: ಎರಡನೇ ಜನಮತಗಣನೆ.

1970ರಲ್ಲಿ ಲಾರಿಗಳು ಹೊರಟದ್ದನ್ನು ಅವರು ಮರೆತಿರಲಿಲ್ಲ ಅನ್ನುವುದಕ್ಕೆ 1995ರ ತಯಾರಿಯೇ ಸಾಕ್ಷಿ. ಗೆದ್ದ ಮರುದಿನ ಪೇಟೆ ಬೆದರಿ ಎಲ್ಲರೂ ಕ್ವಿಬೆಕ್ ಬಾಂಡುಗಳನ್ನು ಮಾರತೊಡಗಿದರೆ? ಕೊಳ್ಳಲು ಒಬ್ಬರು ಇರಬೇಕು. ಹಣಕಾಸು ಇಲಾಖೆ, ಹೈಡ್ರೋ-ಕ್ವಿಬೆಕ್, ಕೆಸ್ ದ ದೆಪೊ ಮೂರೂ ಸೇರಿ ಸುಮಾರು 1,700 ಕೋಟಿ ಡಾಲರನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಂಡಿದ್ದವು. ಇದು ಆಮೇಲೆ ಬಯಲಿಗೆ ಬಂತು. ಮೂವತ್ತು ವರ್ಷದ ಹಿಂದೆ ಯುವ ಸಲಹೆಗಾರನಾಗಿ ತಾವೇ ಕಟ್ಟಲು ನೆರವಾದ ಸಂಸ್ಥೆಗಳನ್ನು ಈಗ ರಕ್ಷಣೆಗೆ ನಿಲ್ಲಿಸಿದ್ದರು. ಪಿಂಚಣಿ ಹಣವನ್ನು ಒಂದು ರಾಜಕೀಯ ಪಂದ್ಯಕ್ಕೆ ಹೀಗೆ ಸಿದ್ಧಪಡಿಸಬಹುದೇ ಅನ್ನುವ ಪ್ರಶ್ನೆ ದೊಡ್ಡದು. ಆ ಹಣದಲ್ಲಿ ಬೇಡ ಅನ್ನುವವರ ಉಳಿತಾಯವೂ ಇತ್ತಲ್ಲ. ನನಗೆ ಇದು ಸರಿ ಕಾಣುವುದಿಲ್ಲ.

ಪ್ರಚಾರದ ನಡುವೆ ಜನಪ್ರಿಯ ನಾಯಕ ಲೂಸಿಯೆನ್ ಬುಷಾರ್ ಅವರನ್ನು ಮುಂದೆ ಬಿಟ್ಟು ತಾವು ಹಿಂದೆ ಸರಿದರು. ತಮಗಿಂತ ಅವರ ಮಾತಿಗೆ ಜನ ಹೆಚ್ಚು ಕಿವಿಗೊಡುತ್ತಾರೆ ಅಂತ ಗೊತ್ತಿತ್ತು. ಅಧಿಕಾರದಲ್ಲಿರುವವರು ಇಂಥದ್ದು ಮಾಡುವುದು ಅಪರೂಪ. ಅಕ್ಟೋಬರ್ 30ರಂದು ನೂರಕ್ಕೆ 93ಕ್ಕೂ ಜಾಸ್ತಿ ಜನ ವೋಟು ಹಾಕಿದರು. ಬೇಕು 49.42, ಬೇಡ 50.58. ಅಂತರ 54,288 ಮತ.

ಆ ರಾತ್ರಿ ವೇದಿಕೆಯ ಮೇಲೆ ಅವರು, ನಮ್ಮನ್ನು ಸೋಲಿಸಿದ್ದು ಹಣ ಮತ್ತು ಜನಾಂಗೀಯ ಮತಗಳು (ಅಂದರೆ ವಲಸೆ ಬಂದ ಸಮುದಾಯಗಳ ಮತಗಳು) ಅಂದರು. ಮರುದಿನವೇ ರಾಜೀನಾಮೆ ಪ್ರಕಟಿಸಿದರು.

ಈ ಮಾತಿನ ಎರಡು ಅರ್ಧಗಳನ್ನೂ ಬೇರೆ ಬೇರೆ ನೋಡಬೇಕು. ಹಣದ ಮಾತಿನಲ್ಲಿ ಹುರುಳಿತ್ತು. ಮತದಾನಕ್ಕೆ ಮೂರು ದಿನ ಮೊದಲು ಮಾಂಟ್ರಿಯಲ್‌ನಲ್ಲಿ ಕೆನಡಾ ಪರ ಭಾರಿ ಸಭೆ ನಡೆಯಿತು. ಬೇರೆ ಪ್ರಾಂತ್ಯಗಳ ಜನ ರಿಯಾಯಿತಿ ಟಿಕೆಟ್‌ನಲ್ಲಿ ವಿಮಾನ, ಬಸ್ಸು ಹತ್ತಿ ಬಂದರು. ಕ್ವಿಬೆಕ್‌ನ ಕಾನೂನಿನಲ್ಲಿ ಎರಡೂ ಬಣದ ಖರ್ಚಿಗೆ ಮಿತಿ ಇತ್ತು. 2007ರಲ್ಲಿ ಬಂದ ಒಂದು ತನಿಖಾ ವರದಿ ಬೇಡ ಬಣದ ಕಡೆ ಸುಮಾರು 5,39,000 ಡಾಲರ್ ಅಕ್ರಮ ಖರ್ಚು ಆಗಿತ್ತು ಅಂತ ಹೇಳಿತು.

ಇನ್ನೊಂದರ್ಧ ತಪ್ಪು. ನ್ಯಾಯದ ದೃಷ್ಟಿಯಿಂದ ಮಾತ್ರ ಅಲ್ಲ, ಲೆಕ್ಕದ ಪ್ರಕಾರವೂ ತಪ್ಪು. ಬೇಡ ಅಂದವರು 23 ಲಕ್ಷ 62 ಸಾವಿರ. ಫ್ರೆಂಚ್ ಮಾತಾಡುವವರಲ್ಲಿ ನೂರಕ್ಕೆ 60ರಷ್ಟು ಜನ ಬೇಕು ಅಂದರು ಅಂತ ಪರಿಜೊ ಅವರೇ ಆ ರಾತ್ರಿ ಹೇಳಿದರು. ಅಂದರೆ 40ರಷ್ಟು ಜನ ಬೇಡ ಅಂದರು. ಮತದಾರರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಫ್ರೆಂಚ್ ಭಾಷಿಕರು ಅಂತ ಇಟ್ಟುಕೊಂಡು ಗುಣಿಸಿ ನೋಡಿ: ಸುಮಾರು 15 ಲಕ್ಷ ಬರುತ್ತದೆ. ಬೇಡ ಅಂದವರಲ್ಲಿ ಹೆಚ್ಚಿನವರು ಅವರದೇ ಮಾತಿನ ಜನ! ತಿರಸ್ಕೃತವಾದ ಮತಗಳೇ 86,000ಕ್ಕೂ ಹೆಚ್ಚು, ಅಂತರಕ್ಕಿಂತ ಜಾಸ್ತಿ. ಇಷ್ಟು ಸಣ್ಣ ಅಂತರದಲ್ಲಿ ಯಾವ ಗುಂಪನ್ನು ಬೇಕಾದರೂ ಕಾರಣ ಅನ್ನಬಹುದು. ಅವರು ಎಲ್ಲಕ್ಕಿಂತ ಕಡಿಮೆ ಬಲ ಇರುವವರನ್ನು ಆರಿಸಿಕೊಂಡರು. ಗ್ರೀಕ್, ಇಟಾಲಿಯನ್, ಭಾರತೀಯ ಮನೆಗಳಲ್ಲಿ ಆ ಮಾತು ಈಗಲೂ ನೆನಪಿದೆ. ನಿಮ್ಮ ಸಹೋದ್ಯೋಗಿ ಸಿಟ್ಟಾಗಿದ್ದರೆ ಅದಕ್ಕೆ ಕಾರಣ ಇದೆ.

ನೋವಿನ ಸಂಗತಿ ಇನ್ನೊಂದಿದೆ. 1977ರ ಭಾಷಾ ಕಾನೂನು ತಂದದ್ದು ಇವರದೇ ಪಕ್ಷ. ಅದರಿಂದಾಗಿಯೇ ವಲಸೆ ಬಂದವರ ಮಕ್ಕಳು, ನಿಮ್ಮ ಮಕ್ಕಳ ಹಾಗೆ, ಫ್ರೆಂಚ್ ಶಾಲೆಗೆ ಹೋಗಿ ಫ್ರೆಂಚ್ ಕಲಿತರು. ಅವರೆಲ್ಲ ಆ ಸಮಾಜದೊಳಗೆ ಬಂದು ಸೇರಿಕೊಳ್ಳುತ್ತಿದ್ದ ಹೊತ್ತಿನಲ್ಲೇ ನಾಯಕರಾದವರು "ನಾವು" ಅನ್ನುವುದರ ಹೊರಗೆ ಅವರನ್ನು ನಿಲ್ಲಿಸಿದರು. ಪರಿಜೊ ಅವರ ಮೊದಲ ಹೆಂಡತಿ ಆಲಿಸ್ ಕೂಡ ಪೋಲೆಂಡ್‌ನಲ್ಲಿ ಹುಟ್ಟಿ, ನಾಜಿಗಳ ವಿರುದ್ಧದ ವಾರ್ಸಾದ ದಂಗೆಯಲ್ಲಿ ಭಾಗವಹಿಸಿ, ಮಾಂಟ್ರಿಯಲ್‌ಗೆ ಬಂದು ಫ್ರೆಂಚ್‌ನಲ್ಲಿ ಬರೆದ ಲೇಖಕಿ. ಮನೆಯಲ್ಲೇ ಅಂಥವರನ್ನು ಕಂಡವರಿಗೆ ಆ ಮಾತು ಬಾಯಿಗೆ ಬರಬಾರದಿತ್ತು.

ಕೊನೆಯ ವರ್ಷಗಳದ್ದೂ ಒಂದು ಸಂಗತಿ ಹೇಳಬೇಕು. 2013ರಲ್ಲಿ ಪಾರ್ಟಿ ಕ್ವಿಬೆಕ್ವಾ ಸರ್ಕಾರ ಸರ್ಕಾರಿ ನೌಕರರು ಹಿಜಾಬ್, ಪೇಟ, ಕಿಪ್ಪಾ ಥರದ ಧಾರ್ಮಿಕ ಗುರುತು ಧರಿಸಬಾರದು ಅನ್ನುವ ಮಸೂದೆ ತರಲು ಹೊರಟಿತು. ಆಗ 83 ವರ್ಷದ ಪರಿಜೊ ಪತ್ರಿಕೆಯಲ್ಲಿ ಬರೆದು ಇದು ಅತಿಯಾಯಿತು ಅಂದರು. ನ್ಯಾಯಾಧೀಶರು, ಪೊಲೀಸರಂಥ ಕೆಲವರಿಗೆ ಮಾತ್ರ ಸಾಕು, ಉಳಿದವರನ್ನು ಬಿಟ್ಟುಬಿಡಿ ಅನ್ನುವುದು ಅವರ ನಿಲುವು. ಹೀಗೆ ಮಾಡಿದರೆ ಮಾಂಟ್ರಿಯಲ್‌ನ ಮುಸ್ಲಿಮರಿಗೆ ಒಕ್ಕೂಟದ ಪರ ಇರುವವರೇ ತಮ್ಮ ರಕ್ಷಕರು ಅನ್ನಿಸುತ್ತದೆ ಅಂತಲೂ ಎಚ್ಚರಿಸಿದರು. 1995ರ ಮಾತನ್ನು ಇದು ತೊಳೆದುಬಿಡುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಅವರ ಲೆಕ್ಕ ಹಾಕಲು ಕೂತವರು ಇದನ್ನೂ ಸೇರಿಸಿಕೊಳ್ಳಬೇಕು. ಪಕ್ಷ ಅವರ ಮಾತು ಕೇಳಲಿಲ್ಲ. 2014ರ ಏಪ್ರಿಲ್ ಚುನಾವಣೆಯಲ್ಲಿ ಅದಕ್ಕೆ ಬಂದದ್ದು ನೂರಕ್ಕೆ 25ರಷ್ಟು ಮತ, 30 ಸೀಟು. ಸರ್ಕಾರವೂ ಹೋಯಿತು, ಮಸೂದೆಯೂ ಬಿದ್ದುಹೋಯಿತು. ಮರುವರ್ಷ ಜೂನ್ 1ರಂದು ಪರಿಜೊ ತೀರಿಕೊಂಡರು.